ಹದಿಮೂರರಲ್ಲಿ ಐದು ಕಳೆದರೆ ಒಂಬತ್ತು

ಜನವರಿ 12, ಸೋಮವಾರ

ಡಾಕ್ಟರು ಬರೆಯಿರಿ ಅಂದಿದ್ದಾರೆ, ಬರೆಯುತ್ತಿದ್ದೇನೆ. ಬಿ.ಪಿ. ನೂರೈವತ್ತೆಂಟಕ್ಕೆ ನೂರು. ಮೂವತ್ತೇಳನೇ ವಯಸ್ಸಿಗೆ ಇಷ್ಟಿರಬಾರದಂತೆ. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಸಿಟ್ಟು ಬಂದಾಗ ಯಾರ ಮೇಲೂ ಹರಿಹಾಯದೆ ಒಂದು ಪುಸ್ತಕದಲ್ಲಿ ಬರೆದಿಡಿ, ಮೂರು ತಿಂಗಳು ಬಿಟ್ಟು ನೋಡೋಣ ಅಂದರು. ಯಾವ ಭಾಷೆಯಲ್ಲಿ ಅಂತ ಹೇಳಲಿಲ್ಲ. ಹನ್ನೊಂದು ವರ್ಷ ಇಲ್ಲಿದ್ದರೂ ಇಂಗ್ಲಿಷಿನಲ್ಲಿ ನನಗೆ ನೆಟ್ಟಗೆ ಬೈಯಲು ಬರುವುದಿಲ್ಲ. ಅದಕ್ಕೇ ಕನ್ನಡ.

ಮೊದಲನೇ ಸಿಟ್ಟು ಈ ಪುಸ್ತಕದ ಮೇಲೆಯೇ. ಮನೆಯಲ್ಲಿ ಖಾಲಿ ಇದ್ದದ್ದು ಮಗಳು ತನ್ವಿಯದು ಇದೊಂದೇ. ರಟ್ಟಿನ ಮೇಲೆ ರೆಕ್ಕೆಯ ಕುದುರೆ, ಅದರ ಮೈತುಂಬ ಮಿನುಗಿನ ಪುಡಿ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಅಂಗಿಯ ತೋಳಿಗೆಲ್ಲ ಮೆತ್ತಿಕೊಂಡಿದೆ.

ಎರಡನೆಯದು 680 ಫ್ರೀವೇ ಮೇಲೆ. ಸ್ಯಾನ್ ರಮೋನಿನ ಮನೆಯಿಂದ ವಾಲ್ನಟ್ ಕ್ರೀಕಿನ ಆಫೀಸಿಗೆ ಹದಿನೈದು ಮೈಲಿ ಇಲ್ಲ, ಬೆಳಿಗ್ಗೆ ಐವತ್ತು ನಿಮಿಷ. ಒಬ್ಬನೂ ಇಂಡಿಕೇಟರ್ ಹಾಕುವುದಿಲ್ಲ.

ಮೂರನೆಯದು ಸುರಕ್ಷಾ ಮೇಲೆ. ಹೊಸದಾಗಿ ಸೇರಿದ ಎಂಜಿನಿಯರು, ಉಡುಪಿ ಕಡೆಯವಳು. ನಾವು ಸೇತುವೆಗಳ ಲೆಕ್ಕ ಮಾಡುವವರು. ಕಾಲುಸೇತುವೆಯ ಕಟಕಟೆಗೆ ಎರಡು ಕಂಬಗಳ ನಡುವಿನ ಅಂಕಣ ಹನ್ನೆರಡು ಅಂದರೆ ಎಷ್ಟು ಕಂಬ? ಹದಿಮೂರು. ಮೊದಲನೆಯದೂ ಬೇಕು, ಕೊನೆಯದೂ ಬೇಕು. ಅವಳು ಹನ್ನೆರಡೇ ಬರೆದಿದ್ದಳು. ಇಡೀ ಆಫೀಸಿಗೆ ಕೇಳುವಂತೆ ಕೂಗಾಡಿದೆ. ಮ್ಯಾನೇಜರು ಕರೆದು ನನ್ನ ದನಿಯ ಬಗ್ಗೆ ಮಾತಾಡಿದ. ಕಂಬದ ಬಗ್ಗೆ ಮಾತಾಡಲಿಲ್ಲ.

ನಾಲ್ಕನೆಯದೂ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಜನವರಿ 13, ಮಂಗಳವಾರ

ತನ್ವಿಯ ಚೀಲದಲ್ಲಿ ಟೀಚರ ಚೀಟಿ ಇತ್ತು. ಫಸ್ಟ್ ಗ್ರೇಡಿನಲ್ಲಿ ಈಗ ಇಪ್ಪತ್ತರೊಳಗಿನ ಕಳೆಯುವ ಲೆಕ್ಕ ನಡೆಯುತ್ತಿದೆ, ತನ್ವಿಗೆ ಕಷ್ಟವಾಗುತ್ತಿದೆ, ಮನೆಯಲ್ಲಿ ಸ್ವಲ್ಪ ಅಭ್ಯಾಸ ಮಾಡಿಸಿ ಅಂತ. ಜೊತೆಗೊಂದು ವರ್ಕ್‌ಶೀಟು. ಹನ್ನೆರಡು ಲೆಕ್ಕ, ಹನ್ನೆರಡೂ ತಪ್ಪು.

ಇದೇನು ಮಹಾ ಅಂದುಕೊಂಡು ಊಟದ ಮೇಜಿನ ಮುಂದೆ ಕೂರಿಸಿಕೊಂಡೆ.

"ಹದಿಮೂರರಲ್ಲಿ ಐದು ಹೋದ್ರೆ?"

ಹಾಳೆಯ ಕೆಳಗೆ ಅಳತೆಪಟ್ಟಿಯ ಹಾಗೆ ಸೊನ್ನೆಯಿಂದ ಇಪ್ಪತ್ತರವರೆಗೆ ಅಂಕಿಗಳನ್ನು ಸಾಲಾಗಿ ಅಚ್ಚು ಮಾಡಿದ್ದಾರೆ. ಅದರ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸಿದಳು. "ನೈನ್."

"ಹತ್ತರಲ್ಲಿ ಮೂರು?"

"ಏಟ್."

ಕಡಲೆಬೀಜ ತಂದೆ. ಹದಿಮೂರು ಇಟ್ಟೆ, ಐದು ತಿನ್ನು ಅಂದೆ. ತಿಂದಳು. ಉಳಿದದ್ದು ಎಣಿಸು ಅಂದೆ. ಎಂಟು ಅಂದಳು. ಸರಿ, ಈಗ ಹಾಳೆಯಲ್ಲಿ ಬರೆ ಅಂದೆ. ಪಟ್ಟಿಯ ಮೇಲೆ ಬೆರಳಾಡಿಸಿ ಒಂಬತ್ತು ಬರೆದಳು. ಬೀಜದಲ್ಲಿ ಎಂಟು, ಕಾಗದದಲ್ಲಿ ಒಂಬತ್ತು! ಕಣ್ಣೆದುರಿಗೇ ಎಂಟು ಬೀಜ ಬಿದ್ದಿವೆ. ಈ ಮಗು ನನ್ನ ತಾಳ್ಮೆ ಪರೀಕ್ಷೆ ಮಾಡುತ್ತಿದೆಯೋ, ನಿಜವಾಗಿಯೂ ತಲೆಗೆ ಹತ್ತುತ್ತಿಲ್ಲವೋ ಗೊತ್ತಾಗಲಿಲ್ಲ. ಏಳೂವರೆಗೆ ಫೋನು ಬಂತು. ತನ್ವಿ ಎದ್ದು ಓಡಿದಳು, ಲೆಕ್ಕ ಅಲ್ಲಿಗೇ ನಿಂತಿತು.

ಜನವರಿ 20, ಮಂಗಳವಾರ

ಇವತ್ತು ಒಂದು ಕಾನೂನು ಮಾಡಿದೆ. ಹತ್ತು ಲೆಕ್ಕದಲ್ಲಿ ಏಳಾದರೂ ಸರಿ ಬಂದರೆ ಮಾತ್ರ ಏಳೂವರೆಯ ವಿಡಿಯೋ ಕಾಲು. ಇಲ್ಲದಿದ್ದರೆ ಇಲ್ಲ.

ನಾಲ್ಕನೇ ಸಿಟ್ಟನ್ನು ಬರೆಯದೆ ಇದು ಅರ್ಥವಾಗುವುದಿಲ್ಲ, ಬರೆದುಬಿಡುತ್ತೇನೆ. ಏಳೂವರೆಗೆ ಫೋನು ಮಾಡುವವಳು ಕಾವ್ಯಾ. ನನ್ನ ಹೆಂಡತಿ. ಆಗ ಅಲ್ಲಿ ಬೆಳಿಗ್ಗೆ ಒಂಬತ್ತು. ನವೆಂಬರಿನಲ್ಲಿ ತಮ್ಮನ ಮದುವೆ ಅಂತ ಹಾಸನಕ್ಕೆ ಹೋದಳು. ನಮ್ಮ ಕಾಗದಪತ್ರದ ಪ್ರಕಾರ ಇಲ್ಲಿರಲು ತೊಂದರೆ ಇಲ್ಲ, ಆದರೆ ಒಮ್ಮೆ ಹೊರಗೆ ಹೋದರೆ ವಾಪಸು ಬರಲು ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಒತ್ತಿಸಿಕೊಳ್ಳಬೇಕು. ಅದಕ್ಕೆ ಸಂದರ್ಶನ ಡಿಸೆಂಬರ್ 15ಕ್ಕೆ ಇತ್ತು. ವಾರ ಮೊದಲು ಮೇಲ್ ಬಂತು, ಮಾರ್ಚ್ 11ಕ್ಕೆ ಹೋಗಿದೆ ಅಂತ. ಅಷ್ಟೇ. ಯಾಕೆ ಅಂತ ಇಲ್ಲ, ಯಾರನ್ನು ಕೇಳಬೇಕು ಅಂತ ಇಲ್ಲ. ಈಗ ಹೋಗಬೇಡ ಅಂತ ಬಡಕೊಂಡಿದ್ದೆ. ಹೋದಳು. ನನ್ನ ವೀಸಾದ್ದೂ ಅದೇ ಕಥೆ, ಕರೆತರಲು ನಾನು ಹೋದರೆ ನಾನೂ ಅಲ್ಲೇ. ಇಲ್ಲೇ ಹುಟ್ಟಿದ ತನ್ವಿಗೆ ಮಾತ್ರ ವೀಸಾದ ಗೋಜಿಲ್ಲ.

ಪುಣ್ಯಕ್ಕೆ ಅಕ್ಟೋಬರಿನಲ್ಲಿ ಬಂದ ಅಮ್ಮ ಏಪ್ರಿಲ್‌ವರೆಗೆ ಇರುತ್ತಾಳೆ. ಮಂಡ್ಯದ ಗೌರಮ್ಮ ಸ್ಯಾನ್ ರಮೋನಿನಲ್ಲಿ ಮುದ್ದೆ ತಿರುವಿ, ಮೊಮ್ಮಗಳ ಜಡೆ ಹಾಕಿ, ಸ್ಕೂಲಿಗೆ ನಡೆಸಿಕೊಂಡು ಹೋಗಿಬರುತ್ತಾಳೆ.

ದಿನಾ ಸಂಜೆ ಆ ಕಾಲು ಬಂದರೆ ಓದಿನ ಸಮಯವೇ ಹಾಳು. ಕಾನೂನು ಬೇಕಿತ್ತು, ಮಾಡಿದೆ.

ಜನವರಿ 22

ಹತ್ತಕ್ಕೆ ಸೊನ್ನೆ. ಕಾಲ್ ಇಲ್ಲ.

ಜನವರಿ 23

ಸೊನ್ನೆ. ಫೋನನ್ನು ಸೈಲೆಂಟಿಗೆ ಹಾಕಿ ಮೇಜಿನ ಮೇಲೆ ಮಗುಚಿಟ್ಟೆ. ಅದು ಗುರ್ ಗುರ್ ಅಂತಲೇ ಇತ್ತು. ತನ್ವಿ ಅದನ್ನು ನೋಡುತ್ತಿದ್ದಳೇ ಹೊರತು ಹಾಳೆ ನೋಡುತ್ತಿರಲಿಲ್ಲ. ಹಾಳೆ ನೋಡು ಅಂತ ಗದರಿದೆ.

ಫೆಬ್ರವರಿ 3, ಮಂಗಳವಾರ

ಅಮ್ಮ ಇವತ್ತು ಪಾತ್ರೆಗಳನ್ನೆಲ್ಲ ದಡಬಡ ಕುಕ್ಕಿ ಆಮೇಲೆ ಬಾಯಿ ಬಿಟ್ಟಳು.

"ಏನ್ಲಾ ಸೀಕಂಠ, ಆ ಕೂಸ್ನ ಯಾಕ್ಲಾ ಅಂಗೆ ಗೋಳುಯ್ಕೊತೀಯ?"

"ಲೆಕ್ಕ ಬರ್ತಾ ಇಲ್ಲ ಅಮ್ಮ ಅವ್ಳಿಗೆ."

"ಬತ್ತದೆ ಬುಡು. ನೀನೇನು ಉಟ್ತಾನೇ ಲೆಕ್ಕ ಕಲ್ತಿದ್ಯಾ? ಅದಕ್ಕೂ ಅವಳವ್ವನ್ ಜೊತೆ ಮಾತಾಡದ್ಕೂ ಏನ್ಲಾ ಸಂಬಂದ?"

"ಸಂಬಂಧ ಇದೆ. ಒಂದನ್ನ ಗಳಿಸಿದ್ರೆ ಇನ್ನೊಂದು. ಇಲ್ಲಿ ಎಲ್ರೂ ಹಿಂಗೇ ಮಾಡೋದು."

"ಎಲ್ರೂ ಮಾಡ್ತಾರಾ ಇಂಗೆ? ಅವ್ವನ್ನ ಬೀರೂಲಿಟ್ಟು ಬೀಗ ಆಕಿ, ಲೆಕ್ಕ ಮಾಡು, ಕೀ ಕೊಡ್ತೀನಿ ಅಂತಾರಾ?"

ನಾನು ಎದ್ದು ಗ್ಯಾರೇಜಿಗೆ ಹೋಗಿ ಕಾರಿನಲ್ಲಿ ಕೂತೆ. ಅಲ್ಲೇ ಇದನ್ನು ಬರೆಯುತ್ತಿರುವುದು. ಮಧ್ಯಾಹ್ನ ನಾನಿಲ್ಲದಾಗ ಅಮ್ಮ ತನ್ನ ಫೋನಿನಿಂದ ಕಾವ್ಯಾಗೆ ಕಾಲ್ ಮಾಡಿಸುತ್ತಿರಬಹುದು ಅಂತ ಅನುಮಾನ ಬಂತು. ಆಗ ಅಲ್ಲಿ ಅಪರಾತ್ರಿ, ಕಾವ್ಯಾ ಎದ್ದು ಕೂತಿರುತ್ತಾಳಾ? ಕೂತಿರುತ್ತಾಳೆ ಅಂತಲೇ ಅನಿಸಿ ಇನ್ನಷ್ಟು ರೇಗಿತು.

ಒಂದು ವಿಷಯ ಗಮನಿಸಿದ್ದೇನೆ. ತನ್ವಿಯ ಉತ್ತರ ಯಾವಾಗಲೂ ಒಂದೇ ಒಂದು ಹೆಚ್ಚು. ಎರಡು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಇಷ್ಟು ಶಿಸ್ತಾಗಿ ತಪ್ಪು ಮಾಡುವವಳು ಸರಿ ಮಾಡಲು ಏನು ಧಾಡಿ?

ಫೆಬ್ರವರಿ 9, ಸೋಮವಾರ

ಕಾವ್ಯಾ ಆಫೀಸಿನ ಹೊತ್ತಿಗೆ ಫೋನು ಮಾಡಿದಳು. ಪಾರ್ಕಿಂಗ್ ಲಾಟಿಗೆ ಹೋಗಿ ಎತ್ತಿದೆ.

"ಶ್ರೀ, ಇಪ್ಪತ್ತು ದಿನ ಆಯ್ತು ಅವಳ ಮುಖ ನೋಡಿ."

"ಲೆಕ್ಕ ಮಾಡ್ಲಿ, ನೋಡ್ತೀಯ."

"ನನ್ಮೇಲಿನ್ ಕೋಪಾನ ಅವಳ ಮೇಲೆ ತೀರಿಸ್ಕೋಬೇಡ."

"ನಾನು ಹೋಗ್ಬೇಡ ಅಂದಿದ್ದೆ, ಕಾವ್ಯಾ."

"ನೀನು ಏನೇನ್ ಅಂದಿದ್ದೆ ಅಂತ ನಂಗೂ ನೆನಪಿದೆ, ನಿಂಗೂ ನೆನಪಿದೆ," ಅಂದು ಇಟ್ಟಳು.

ನನಗೆ ಏನೂ ನೆನಪಿಲ್ಲ. ಸುರಕ್ಷಾ ಕಾಫಿ ತರಲು ಹೊರಟವಳು ನನ್ನ ಮುಖ ನೋಡಿ ಬೇರೆ ದಾರಿ ಹಿಡಿದಳು.

ಫೆಬ್ರವರಿ 12, ಗುರುವಾರ

ಸ್ಕೂಲಿನಲ್ಲಿ ಟೀಚರ ಜೊತೆ ಮೀಟಿಂಗು. ಮಿಸ್ ಡೆಲ್ಗಾಡೊ ಅಂತ, ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬೇಕು. ನನ್ನನ್ನು ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂರಿಸಿದರು. ಅದರಲ್ಲಿ ಕೂತು ಯಾರೂ ಗಂಭೀರವಾಗಿ ಜಗಳ ಆಡಲು ಸಾಧ್ಯವಿಲ್ಲ.

ತನ್ವಿಯನ್ನು ದಿನಾ ಅರ್ಧ ಗಂಟೆ ಬೇರೆ ಕೋಣೆಗೆ ಕರೆದೊಯ್ದು ನಾಲ್ಕು ಮಕ್ಕಳ ಗುಂಪಿನಲ್ಲಿ ಕಲಿಸುತ್ತಾರಂತೆ. ಹಿಂದುಳಿದವರ ಗುಂಪು ಅಂತ ಹೇಳಲಿಲ್ಲ, ಬೇರೆ ಏನೋ ಚಂದದ ಹೆಸರು ಹೇಳಿದರು. ನಮ್ಮ ಸ್ಕೂಲಿನಲ್ಲಿ ಇದನ್ನೇ ಕೊನೇ ಬೆಂಚು ಅನ್ನುತ್ತಿದ್ದರು.

ಆಮೇಲೆ ಕೇಳಿದರು, "ಅವಳು ಹೇಗೆ ಲೆಕ್ಕ ಮಾಡುತ್ತಾಳೆ ಅಂತ ಅವಳನ್ನೇ ಕೇಳಿದ್ದೀರಾ? ನಾನು ಕೇಳಿದೆ. ಅದು ಮನೆಯ ವಿಷಯ ಅಂದಳು."

ಲೆಕ್ಕದಲ್ಲಿ ಮನೆಯ ವಿಷಯ ಎಂಥದ್ದು? ಕಲಿಸಬೇಕಾದವರು ಇವರು, ಕೇಳಬೇಕಾದವನು ನಾನಂತೆ! ಆರು ವರ್ಷದ ಮಗುವನ್ನು, ತಾಯಿ, ನಿನ್ನ ವಿಧಾನ ಏನಮ್ಮಾ ಅಂತ ಕೇಳಬೇಕಂತೆ! ಥ್ಯಾಂಕ್ಸ್ ಹೇಳಿ ಬಂದೆ. ಆ ಕುರ್ಚಿಯಿಂದ ಏಳಲು ಮೇಜು ಹಿಡಿದುಕೊಳ್ಳಬೇಕಾಯಿತು.

ಫೆಬ್ರವರಿ 13, ಶುಕ್ರವಾರ

ಆಗಬಾರದಿತ್ತು.

ಹದಿನೈದರಲ್ಲಿ ಏಳು. ಅವಳು ಬೆರಳನ್ನು ಏಳರ ಮೇಲೆ ಇಟ್ಟು ಮುಂದೆ ಸರಿಸತೊಡಗಿದಳು. ಹಿಂದಕ್ಕೆ ಹೋಗು, ಹಿಂದಕ್ಕೆ, ಎಂದು ಕೂಗಿದೆ. ಅವಳು ನಿಲ್ಲಿಸಲಿಲ್ಲ. ಬೆರಳನ್ನು ಹಿಡಿದು ಹಾಳೆಯಿಂದ ಎಳೆದೆ. ಜೋರಾಗಿ. ಲಟಕ್ ಅಂತ ಶಬ್ದ ಬಂತು.

ಮುರಿದಿಲ್ಲ. ಅಮ್ಮ ಐಸ್ ಇಟ್ಟಳು. ತನ್ವಿ ಅಳಲಿಲ್ಲ. ಬೆರಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಓಕೆ, ಅಪ್ಪ," ಅಂದಳು. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ತಟ್ಟೆ ಹಾಕಿದಳು, ಬಡಿಸಿದಳು.

ಡಾಕ್ಟರೇ, ಇದನ್ನು ಬರೆದರೆ ಏನು ಕಡಿಮೆಯಾಗುತ್ತದೆ?

ಫೆಬ್ರವರಿ 24, ಮಂಗಳವಾರ

ಹತ್ತು ದಿನ ಬರೆದಿಲ್ಲ. ತನ್ವಿ ಈಗ ತಪ್ಪು ಉತ್ತರ ಬರೆಯುವುದಿಲ್ಲ. ಏನೂ ಬರೆಯುವುದಿಲ್ಲ. ಹಾಳೆಯನ್ನು ಹಾಗೇ ಖಾಲಿ ಕೊಡುತ್ತಾಳೆ, ಹೆಸರು ಮಾತ್ರ ಮೇಲೆ ದುಂಡಗೆ ಬರೆದು. ಕೈ ಎರಡೂ ಮೇಜಿನ ಕೆಳಗೆ.

ಖಾಲಿ ಹಾಳೆಯ ಮೇಲೆ ಹೇಗೆ ಸಿಟ್ಟು ಮಾಡುವುದು ಅಂತ ನನಗೆ ಗೊತ್ತಿಲ್ಲ. ಮಾಡಿದೆ. ಕಾಲ್ ಇಲ್ಲ ಅಂದೆ. ಕೇಳಲೂ ಇಲ್ಲ ಅವಳು, ಆಗಲೇ ಎದ್ದು ಹೋಗಿದ್ದಳು.

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ 680ರಲ್ಲಿ ಲಾರಿ ಮಗುಚಿ ಮೂರು ಲೇನ್ ಮುಚ್ಚಿದ್ದರು. ಮೊದಲ ಎಕ್ಸಿಟ್‌ನಲ್ಲೇ ತಿರುಗಿಸಿ, ಬಾಯಿಗೆ ಬಂದಷ್ಟು ಬೈಯುತ್ತ ಮನೆಗೆ ವಾಪಸು ಬಂದೆ. ಗ್ಯಾರೇಜಿನ ಬಾಗಿಲಿಂದ ಮೆಟ್ಟಿಲು ಹತ್ತಿ ಒಳಗೆ ಬಂದದ್ದು ಅಮ್ಮನಿಗೂ ತನ್ವಿಗೂ ಕೇಳಿಸಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಅಮ್ಮ ಊರಿಂದ ತರಿಸಿಕೊಂಡ ಕ್ಯಾಲೆಂಡರು ತೂಗುಹಾಕಿದೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವಂಥದ್ದು. ನಾನು ಅದನ್ನು ಒಂದು ದಿನವೂ ನೆಟ್ಟಗೆ ನೋಡಿದವನಲ್ಲ. ತನ್ವಿ ಸ್ಟೂಲಿನ ಮೇಲೆ ನಿಂತಿದ್ದಳು, ಸ್ಕೂಲ್ ಬ್ಯಾಗ್ ಬೆನ್ನಿಗಿತ್ತು. ಬೆರಳನ್ನು ಇವತ್ತಿನ ಮನೆಯ ಮೇಲೆ ಇಟ್ಟು ಎಣಿಸುತ್ತಿದ್ದಳು. ಕನ್ನಡದಲ್ಲಿ! ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು.

"ಒಂದು, ಎರಡು, ಮೂರು..." ಸಂದರ್ಶನದ ದಿನ, ಹನ್ನೊಂದನೇ ತಾರೀಖಿಗೆ, ಕೆಂಪು ಸುತ್ತು ಹಾಕಿತ್ತು. ಅದನ್ನೂ ಒತ್ತಿ, "ಒಂಬತ್ತು," ಅಂದಳು.

"ಭೇಷ್," ಅಂದಳು ಅಮ್ಮ. "ನೆನ್ನೆ ಎಷ್ಟಿತ್ತು?"

"ಹತ್ತು."

"ಒಂದ್ ಕಮ್ಮಿ ಆಯ್ತಲ್ಲ ಮಗಾ. ನಡಿ, ಒತ್ತಾಯ್ತು."

ನನ್ನನ್ನು ನೋಡಿದ ಕೂಡಲೇ ಅವಳ ಕೈ ಕಂಕುಳಿಗೆ ಹೋಯಿತು.

ನಾನು ಅಲ್ಲೇ ನಿಂತು ಕೇಳಿದೆ. ದನಿ ಎಲ್ಲಿಂದ ಬಂತೋ ಗೊತ್ತಿಲ್ಲ, ಮೆಲ್ಲಗೇ ಬಂತು. "ತನ್ವಿ, ಹನ್ನೊಂದರಲ್ಲಿ ಮೂರು ಹೋದ್ರೆ?"

"ನೈನ್," ಅಂದಳು. ತಕ್ಷಣವೇ, "ಸಾರಿ, ಅಪ್ಪ."

"ಹೆಂಗೆ ಬಂತು ಹೇಳು ಪುಟ್ಟ. ಬೈಯಲ್ಲ."

ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ತಲೆಯಾಡಿಸಿದ ಮೇಲೆ ಕ್ಯಾಲೆಂಡರಿನ ಕಡೆ ತಿರುಗಿದಳು. ಮೂರರಿಂದ ಹನ್ನೊಂದಕ್ಕೆ. ಮೂರನ್ನೂ ಮುಟ್ಟಿ, ಹನ್ನೊಂದನ್ನೂ ಮುಟ್ಟಿ. "ಯು ಹ್ಯಾವ್ ಟು ಕೌಂಟ್ ಟುಡೇ, ಅಪ್ಪ. ಬಿಕಾಸ್ ಅಮ್ಮ ಇಸಂಟ್ ಹಿಯರ್ ಟುಡೇ ಆಲ್ಸೋ."

ಡಿಸೆಂಬರಿನಿಂದ ದಿನಾ ಬೆಳಿಗ್ಗೆ, ನಾನು ಕಾರು ಹೊರಡಿಸಿದ ಮೇಲೆ, ಇವರಿಬ್ಬರೂ ಇದನ್ನು ಮಾಡಿದ್ದಾರೆ. ಅವಳಿಗೆ ಲೆಕ್ಕದ ಹಾಳೆಯ ಅಂಕಿಪಟ್ಟಿ ಕಂಡಾಗಲೆಲ್ಲ ಐದರಿಂದ ಹದಿಮೂರಕ್ಕೆ ಎಷ್ಟು ದಿನ ಅಂತಲೇ ಕಂಡಿದೆ. ಐದನ್ನೂ ಮುಟ್ಟಿದ್ದಾಳೆ, ಹದಿಮೂರನ್ನೂ ಮುಟ್ಟಿದ್ದಾಳೆ. ಒಂಬತ್ತು. ಹನ್ನೆರಡು ಅಂಕಣಕ್ಕೆ ಹದಿಮೂರು ಕಂಬ ಎಂದು ಆಫೀಸಿನಲ್ಲಿ ಬೊಬ್ಬೆ ಹೊಡೆದವನಿಗೆ, ಏಳು ವಾರ, ಮನೆಯಲ್ಲಿ ಮಗು ಕಂಬ ಎಣಿಸುತ್ತಿದೆ ಅಂತ ಹೊಳೆಯಲಿಲ್ಲ.

ತನ್ವಿಯನ್ನು ಸ್ಕೂಲಿಗೆ ಬಿಟ್ಟು ಬಂದ ಅಮ್ಮನ ಮೇಲೆ ಎಗರಿದೆ. "ಹಂಗೆ ಎಣಿಸೋದು ತಪ್ಪು ಅಮ್ಮ. ಇವತ್ತನ್ನ ಸೇರಿಸಬಾರದು."

"ಯಾಕ್ಲಾ ಸೇರಿಸಬಾರ್ದು? ನಿನ್ಗೆ ಅನ್ನೊಂದ್ನೇ ದಿನ ಎಸ್ರಿಟ್ವಿ. ನೀ ಉಟ್ಟಿದ್ ದಿನಾನ ಬುಟ್ಟು ಎಣ್ಸಿದ್ವಾ? ನಿಮ್ಮಪ್ಪನ್ ತಿಥೀನೂ ಅಂಗೇ ಮಾಡ್ಲಿಲ್ವಾ, ಜೀವ ಓದ್ ದಿನಾನೂ ಸೇರ್ಸಿ? ಮಗಾ ಬೆಳಿಗ್ಗೆ ಎದ್ದು ರಾತ್ರಿ ಗಂಟ ಅವ್ವ ಇಲ್ದೆ ಇರ್ತದೆ. ಅದು ದಿನ ಅಲ್ವಾ?"

ಕೋಪ ಇತ್ತು. ಯಾರ ಮೇಲೆ ಅಂತ ಈ ಸಲ ಸರಿಯಾಗಿ ಗೊತ್ತಿತ್ತು.

ಆಫೀಸಿಗೆ ಹೋಗಲಿಲ್ಲ.

ಮಾರ್ಚ್ 4, ಬುಧವಾರ

ಸಂಜೆ ಅಡುಗೆಮನೆಯ ನೆಲದ ಟೈಲುಗಳ ಮೇಲೆ ಸೀಮೆಸುಣ್ಣದಲ್ಲಿ ಒಂದರಿಂದ ಇಪ್ಪತ್ತು ಬರೆದೆ. ಸಾಲದೆ ಹಾಲಿನ ಮರದ ನೆಲಕ್ಕೂ ಹೋಯಿತು. ಅಪಾರ್ಟ್‌ಮೆಂಟಿನವರು ಏನಾದರೂ ಅನ್ನಲಿ.

"ಸ್ಕೂಲಲ್ಲಿ ಮನೆ ಎಣಿಸಲ್ಲ, ಜಿಗಿತ ಎಣಿಸ್ತಾರೆ," ಅಂದೆ. "ಐದರ ಮೇಲೆ ನಿಂತ್ಕೋ. ಹದಿಮೂರಕ್ಕೆ ಎಷ್ಟು ಸಲ ಜಿಗಿದೆ?"

ಎಂಟು. ಹತ್ತು ನಿಮಿಷ ಹಿಡಿಯಲಿಲ್ಲ. ಹತ್ತಕ್ಕೆ ಹತ್ತೂ ಸರಿ. ನಾನೂ ಜಿಗಿದೆ, ಕೆಳಗಿನ ಮನೆಯವರು ಸೂರಿಗೆ ಬಡಿದರು.

"ಅಜ್ಜಿ ಈಸ್ ರಾಂಗ್?" ಅಂತ ಕೇಳಿದಳು.

"ಇಲ್ಲ," ಅಂದೆ. "ಅಜ್ಜಿ ಲೆಕ್ಕ ಬೇರೆ."

ಏಳೂವರೆಗೆ ನಾನೇ ಕಾವ್ಯಾಗೆ ಫೋನು ಮಾಡಿ ತನ್ವಿಯ ಕೈಗೆ ಕೊಟ್ಟೆ. ಅವರ ಮಾತು ಮುಗಿದ ಮೇಲೆ ನಾನು ತೆಗೆದುಕೊಂಡೆ. ಬೆರಳಿನ ವಿಷಯ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು. ಇನ್ನೊಂದು ಮಾತನ್ನೂ ಹೇಳಿದೆ, ಅದನ್ನು ಇಲ್ಲಿಯೂ ಬರೆದುಬಿಡುತ್ತೇನೆ. ನವೆಂಬರ್ 24ಕ್ಕೆ ಸಂದರ್ಶನದ ಸ್ಲಾಟ್ ಇತ್ತು. ಕಾವ್ಯಾ ಅದನ್ನೇ ತಗೊಳ್ತೀನಿ ಅಂದಿದ್ದಳು. ಬೀಗರೂಟ ಮುಗಿಸಿಕೊಂಡು ನಿಧಾನವಾಗಿ ಬಾ, ಡಿಸೆಂಬರಿನದು ತಗೋ, ಅವಸರ ಏನಿದೆ ಅಂದವನು ನಾನು. ದೊಡ್ಡ ಮನಸ್ಸಿನವನಂತೆ ಅಂದಿದ್ದೆ. ಮೂರು ತಿಂಗಳಿಂದ ಅದನ್ನು ಬಿಟ್ಟು ಬೇರೆಲ್ಲ ನೆನಪಿಟ್ಟುಕೊಂಡಿದ್ದೆ.

"ಗೊತ್ತು, ಶ್ರೀ," ಅಂದಳು. "ನಾನು ಕಾಯ್ತಾ ಇದ್ದೆ, ಯಾವಾಗ ಹೇಳ್ತೀಯ ಅಂತ."

ಮಾರ್ಚ್ 9, ಸೋಮವಾರ

ಹೋಯಿತು. ಜುಲೈ 9ಕ್ಕೆ.

ಅದೇ ಮೇಲ್. ಅದೇ ಎರಡು ಸಾಲು. ನಾಡಿದ್ದು ಸಂದರ್ಶನ, ಕಾವ್ಯಾ ಬಸ್ ಹತ್ತಲು ಬ್ಯಾಗ್ ಕಟ್ಟಿಟ್ಟಿದ್ದಳು. ಯಾರ ಕುತ್ತಿಗೆ ಪಟ್ಟಿ ಹಿಡಿದು ಕೇಳಬೇಕು? ಕೆಳಗೆ ಬರೆದಿದೆ, ಈ ವಿಳಾಸಕ್ಕೆ ಉತ್ತರಿಸಬೇಡಿ ಅಂತ. ಉತ್ತರಿಸಿದೆ. ಕನ್ನಡದಲ್ಲಿ, ಒಂದು ಪುಟ, ಬಾಯಿ ತುಂಬ. ತಲುಪಲಿಲ್ಲ ಅಂತ ವಾಪಸು ಬಂತು.

ತನ್ವಿ ಬೆಳಿಗ್ಗೆ "ಮೂರು" ಅಂತ ಕುಣಿದುಕೊಂಡು ಸ್ಕೂಲಿಗೆ ಹೋಗಿದ್ದಳು. ಸಂಜೆ ಹೇಳಬೇಕಾಯಿತು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆ ಕಡೆ ತಿರುಗಿದಳು. ತನ್ವಿ ಸ್ಟೂಲ್ ಎಳೆದುಕೊಂಡು ಹತ್ತಿದಳು.

"ವಿಚ್ ಪೇಜ್?"

ಏಪ್ರಿಲ್, ಮೇ, ಜೂನ್, ಜುಲೈ. ಪುಟ ಎತ್ತಿ ಹಿಡಿದುಕೊಂಡೆ. ಅವಳು ಮಾರ್ಚ್ ಒಂಬತ್ತರಿಂದ ಶುರು ಮಾಡಿದಳು. ಮೂವತ್ತೊಂಬತ್ತು ಆದ ಮೇಲೆ ನಲವತ್ತು ಅನ್ನುವುದು ಕನ್ನಡದಲ್ಲಿ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸಿ ಕೆಳಗಿಳಿದಳು. "ಇಟ್ಸ್ ಓಕೆ, ಅಪ್ಪ," ಅಂದಳು. ಆರು ವರ್ಷದವಳು ನನಗೆ ಸಮಾಧಾನ ಹೇಳುತ್ತಾಳೆ. ಗ್ಯಾರೇಜಿಗೆ ಹೋಗಿ ಕಾರಿನ ಟೈರಿಗೆ ಒದ್ದೆ, ಕಾಲು ಊದಿದೆ.

ಮಾರ್ಚ್ 15, ಭಾನುವಾರ

ಬೆಳಿಗ್ಗೆ ಕಾಫಿ ಕೊಡುತ್ತ ಅಮ್ಮ ಶುರು ಮಾಡಿದಳು. "ನಾ ಏಪ್ರಿಲ್ ನಾಕಕ್ಕೆ ಊರಿಗೆ ಒಂಟೋಯ್ತೀನಿ. ಕೂಸ್ನ ನನ್ ಜೊತೆ ಕಳ್ಸು."

ಆಗುವುದಿಲ್ಲ ಅಂದೆ. ಸ್ಕೂಲಿದೆ. ಈಗ ತಾನೇ ಲೆಕ್ಕ ಹಿಡಿದಿದ್ದಾಳೆ, ಎರಡು ತಿಂಗಳ ಪಾಠ ತಪ್ಪುತ್ತದೆ. ಬರಬೇಕಾದವಳು ಕಾವ್ಯಾ, ಇಲ್ಲಿಂದ ಯಾರೂ ಹೋಗಬೇಕಿಲ್ಲ. ಒಂದೊಂದೇ ಕಾರಣ ಹೇಳುತ್ತ ದನಿ ಏರಿತು. ಅಮ್ಮ ಲೋಟ ಹಿಡಿದು ನಿಂತಿದ್ದಳು.

"ಮುಗೀತಾ?" ಅಂದಳು. "ಈಗ ಇದೊಂದ್ಕೆ ಉತ್ರ ಕೊಡು. ನಾ ಓದ್ಮೇಲೆ ಸ್ಕೂಲಿಂದ ಬಂದ್ ಕೂಸ್ಗೆ ಬಾಗ್ಲು ತೆಗ್ಯೋರ್ಯಾರು?"

ಡೇಕೇರ್ ಇದೆ ಅಂದೆ. ಸಂಜೆ ಆರರವರೆಗೆ ಇಟ್ಟುಕೊಳ್ಳುತ್ತಾರೆ ಅಂದೆ. ಅಂದಿದ್ದು ನನಗೇ ಕೇಳಿಸಿತು. ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ಮಗು ಆರರವರೆಗೆ ಯಾರದೋ ಮ್ಯಾಟಿನ ಮೇಲೆ.

ಫೋನು ಮಾಡಿ ಕಾವ್ಯಾಗೆ ಕೇಳಿದೆ, ಕಳಿಸಲಾ ಅಂತ. ಅವಳು ಅತ್ತಳು. ಆಮೇಲೆ, "ನೀನೊಬ್ನೇ ಹೆಂಗಿರ್ತೀಯ ಶ್ರೀ?" ಅಂದಳು. ಸಿಟ್ಟು ಬಂತು. ಅದನ್ನು ಯಾಕೆ ಕೇಳಬೇಕು ಅವಳು?

ಮಾರ್ಚ್ 27, ಶುಕ್ರವಾರ

ಮಿಸ್ ಡೆಲ್ಗಾಡೊ ಪರೀಕ್ಷೆಯ ಹಾಳೆ ಕೊಟ್ಟರು. ಇಪ್ಪತ್ತಕ್ಕೆ ಇಪ್ಪತ್ತು. ಹಾಳೆಯ ಅಂಚಿನಲ್ಲಿ ತನ್ವಿ ಸಣ್ಣ ಸಣ್ಣ ಜಿಗಿತಗಳನ್ನು ಬಿಡಿಸಿದ್ದಾಳೆ. "ಕೇಳಿದಿರಾ?" ಅಂದರು. ಕೇಳಿದೆ ಅಂದೆ. ಸ್ವಲ್ಪ ತಡವಾಗಿ ಅಂತಲೂ ಹೇಳಿದೆ. ಆ ಪುಟ್ಟ ಕುರ್ಚಿಯಲ್ಲೇ ಕೂತು ಇಪ್ಪತ್ತು ನಿಮಿಷ ಮಾತಾಡಿದೆವು.

ಮನೆಗೆ ಬಂದು ಅರವತ್ತು ವರ್ಕ್‌ಶೀಟು ಪ್ರಿಂಟ್ ಮಾಡಿ ತನ್ವಿಯ ಸೂಟ್‌ಕೇಸಿಗೆ ಹಾಕಿದೆ. ಸಂಜೆ ನೋಡಿದರೆ ಹಾಳೆಗಳೆಲ್ಲ ಸೋಫಾ ಮೇಲೆ, ಅವುಗಳ ಜಾಗದಲ್ಲಿ ಅಮ್ಮ ಹಾಸನದ ಮದುಮಕ್ಕಳಿಗೆ ಅಂತ ತಗೊಂಡ ಬಾದಾಮಿ ಪೊಟ್ಟಣ. ಕೂಗಾಡಿದೆ. ಆಮೇಲೆ ಹತ್ತು ಹಾಳೆಗೆ ಒಪ್ಪಂದವಾಯಿತು.

ಕ್ಯಾಲೆಂಡರನ್ನೂ ಕಟ್ಟೋಣವಾ ಅಂತ ತನ್ವಿಯನ್ನು ಕೇಳಿದೆ. ಬೇಡ ಅಂತ ತಲೆ ಅಲ್ಲಾಡಿಸಿದಳು. ಆಗಸ್ಟ್ 1ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಳು. ಜುಲೈನಲ್ಲಿ ಎಲ್ಲ ಸರಿಹೋದರೆ ಇಬ್ಬರೂ ವಾಪಸು ಬರುವ ದಿನ ಅದು.

"ಇಟ್ಸ್ ಫಾರ್ ಯು," ಅಂದಳು. "ಅಲ್ಲಿ ಅಮ್ಮ ಇರ್ತಾಳಲ್ಲ." ಕೊನೆಯದನ್ನು ಕನ್ನಡದಲ್ಲೇ ಅಂದಳು.

ಏಪ್ರಿಲ್ 6, ಸೋಮವಾರ

ಶನಿವಾರದ ಬಗ್ಗೆ ಬರೆಯುವುದಿಲ್ಲ.

ಮೊದಲನೇ ಸಿಟ್ಟು ಈ ಪುಸ್ತಕದ ಮೇ‌ಲೆ. ಇನ್ನೂ ಮಿನುಗು ಉದುರುತ್ತಿದೆ. ಎರಡನೆಯದು 680 ಮೇಲೆ, ಯಾವತ್ತಿನದೇ. ಸುರಕ್ಷಾ ಹೊಸ ಸೇತುವೆಯ ನಕ್ಷೆ ತಂದಳು, ಮತ್ತೆ ಒಂದು ಕಂಬ ತಪ್ಪಿತ್ತು. ಹೇಗೆ ಎಣಿಸಿದೆ ಹೇಳು ಅಂದೆ. ಹೇಳಿದಳು, ಹೇಳುತ್ತಲೇ ತಪ್ಪು ಅವಳಿಗೇ ಸಿಕ್ಕಿತು. ಇಬ್ಬರೂ ಕಾಫಿ ತಂದೆವು. ಇದರಲ್ಲಿ ಬರೆಯುವಂಥದ್ದೇನೂ ಇಲ್ಲ, ಆದರೂ ಬರೆದಿದ್ದೇನೆ.

ಬೆಳಿಗ್ಗೆ ಹೊರಡುವ ಮೊದಲು ಹಾಲು ತೆಗೆಯಲು ಫ್ರಿಜ್ಜಿನ ಮುಂದೆ ನಿಂತೆ. ಮನೆಯಲ್ಲಿ ಒಂದು ಶಬ್ದವಿಲ್ಲ. ಸ್ಟೂಲು ಅಲ್ಲೇ ಇತ್ತು, ಕಾಲಿಗೆ ತಗುಲಿತು. ಏಪ್ರಿಲ್ 6ರಿಂದ ಆಗಸ್ಟ್ 1ಕ್ಕೆ ಎಷ್ಟು ಅಂತ ಫೋನಿನಲ್ಲಿ ಹಾಕಿ ನೋಡಿದೆ. ನೂರ ಹದಿನೇಳು ಅಂದಿತು. ಸರಿಯಾದ ಉತ್ತರ, ನಾನು ಕಲಿಸಿದ ಉತ್ತರ.

ಫೋನು ಕೆಳಗಿಟ್ಟು ಬೆರಳಿನಲ್ಲಿ ಎಣಿಸಿದೆ. ಇವತ್ತಿನ ಮನೆಯಿಂದ ಶುರು ಮಾಡಿ, ಪುಟ ಎತ್ತಿ ಎತ್ತಿ, ಕೆಂಪು ಸುತ್ತಿನವರೆಗೆ. ನೂರ ಹದಿನೆಂಟು ಬಂತು. ಇನ್ನೊಮ್ಮೆ ಎಣಿಸಿದೆ, ನೂರ ಹದಿನೆಂಟೇ. ಇವತ್ತನ್ನು ಬಿಟ್ಟು ಎಣಿಸಲು ಆಗಲಿಲ್ಲ. ಆಗಿನ್ನೂ ಬೆಳಿಗ್ಗೆ ಏಳೂಕಾಲು.